ಅಜ್ಜಿಯ ಸಮಾಧಿ ಎಲ್ಲಿದೆ? ಸ್ಮಶಾನದ ನಕ್ಷೆ ಮತ್ತು ರಿಜಿಸ್ಟರ್ ಕಂಪ್ಯೂಟರಿಗೆ ಬಂದಾಗ

ಸ್ಮಶಾನ ನೋಡಿಕೊಳ್ಳುವವರ ಹತ್ತಿರ ಜನ ಕೇಳುವುದು ಮುಖ್ಯವಾಗಿ ಎರಡೇ ಪ್ರಶ್ನೆ. "ನಮ್ಮ ಅಜ್ಜಿಯನ್ನು ಎಲ್ಲಿ ಮಣ್ಣು ಮಾಡಿದ್ದಾರೆ?" ಅನ್ನುವುದು ಒಂದು. "ನಾಳೆಗೆ ಜಾಗ ಬೇಕು, ಎಲ್ಲಿ ಅಗೆಯಬಹುದು?" ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗದಿದ್ದರೆ ಒಂದು ಕುಟುಂಬ ನೊಂದುಕೊಂಡು ವಾಪಸ್ ಹೋಗುತ್ತದೆ. ಎರಡನೆಯದಕ್ಕೆ ತಪ್ಪು ಉತ್ತರ ಸಿಕ್ಕರೆ ಬೇರೆ ಯಾರದ್ದೋ ಸಮಾಧಿಯನ್ನು ಅಗೆದುಬಿಡುತ್ತಾರೆ. ಅದನ್ನು ಆಮೇಲೆ ಸರಿಪಡಿಸಲು ಬರುವುದಿಲ್ಲ.

ಎಷ್ಟೋ ಕಡೆ ಈ ಎರಡೂ ಉತ್ತರ ಇರುವುದು ಒಬ್ಬ ಹಳೆಯ ಕೆಲಸಗಾರನ ನೆನಪಿನಲ್ಲಿ. ವರ್ಷಗಟ್ಟಲೆ ಅಲ್ಲೇ ಗುಂಡಿ ತೋಡಿದವರಿಗೆ ಯಾವ ಮರದ ಪಕ್ಕ ಯಾರಿದ್ದಾರೆ ಅಂತ ಬಾಯಿಪಾಠ. ಅವರು ಕೆಲಸ ಬಿಟ್ಟ ಮೇಲೆ ಉಳಿಯುವುದು ಗೆದ್ದಲು ಹತ್ತಿದ ರಿಜಿಸ್ಟರ್, ಮಡಿಕೆಯಲ್ಲಿ ಹರಿದ ನಕ್ಷೆ ಮತ್ತು ಅಕ್ಷರ ಸವೆದ ಕಲ್ಲುಗಳು. ಡಿಜಿಟಲ್ ನಕ್ಷೆ ಬೇಕಾಗುವುದು ಇಲ್ಲಿ. ಅದನ್ನು ಮಾಡುವುದು ಹೇಗೆ, ಅದರಲ್ಲಿ ನಿಜವಾಗಿ ಕಷ್ಟದ ಕೆಲಸ ಯಾವುದು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಡ್ರೋನ್, ಆ್ಯಪ್ ಅಂದಕೂಡಲೇ ಎಲ್ಲರ ಕಣ್ಣರಳುತ್ತದೆ. ಅವುಗಳ ಪಾಡಿಗೆ ಅವು ಇರಲಿ. ಒಂದು ಜಾಗವನ್ನೂ ಅದರ ದಾಖಲೆಯನ್ನೂ ತಪ್ಪಿಲ್ಲದೆ ಜೋಡಿಸುವುದೇ ಇಲ್ಲಿನ ಅಸಲಿ ಕೆಲಸ.

ಪುಸ್ತಕ ಒಂದು ಹೇಳುತ್ತದೆ, ನೆಲ ಇನ್ನೊಂದು

ಸಾಮಾನ್ಯವಾಗಿ ಸ್ಮಶಾನದಲ್ಲಿ ಮೂರು ಬಗೆಯ ದಾಖಲೆ ಇರುತ್ತವೆ. ಯಾರನ್ನು ಯಾವತ್ತು ಹೂಳಿದರು ಅಂತ ಬರೆದ ರಿಜಿಸ್ಟರ್, ಯಾವ ಜಾಗದ ಹಕ್ಕು ಯಾರಿಗೆ ಕೊಟ್ಟಿದೆ ಅನ್ನುವ ಪುಸ್ತಕ, ಮತ್ತು ಒಂದು ನಕ್ಷೆ. ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತದ ಸ್ಮಶಾನಗಳಿಗೆ 1977ರ ಆದೇಶವೊಂದಿದೆ. ಪ್ರತಿ ಸಮಾಧಿಗೂ ಒಂದು ನಂಬರ್ ಇರುವ ನಕ್ಷೆಯನ್ನೂ ಹೂಳಿದವರ ರಿಜಿಸ್ಟರನ್ನೂ ಇಟ್ಟಿರಲೇಬೇಕು ಅಂತ ಅದು ಹೇಳುತ್ತದೆ. ಎಲ್ಲ ಕಡೆಯೂ ಇಂಥ ಶಿಸ್ತು ಇರುವುದಿಲ್ಲ.

ಇದ್ದರೂ ತೊಂದರೆ ತಪ್ಪಿದ್ದಲ್ಲ. ರಿಜಿಸ್ಟರ್ ತಾರೀಖಿನ ಪ್ರಕಾರ ಇರುತ್ತದೆ. ಸತ್ತ ವರ್ಷ ಗೊತ್ತಿಲ್ಲದಿದ್ದರೆ ಪುಟ ಪುಟ ತಿರುಗಿಸುತ್ತಾ ಕೂರಬೇಕು. ನಕ್ಷೆಯಲ್ಲಿ ನಂಬರ್ ಇರುತ್ತದೆ, ಹೆಸರಿರುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ನಕ್ಷೆ ಬರೆದವರು ಅಂದುಕೊಂಡಂತೆ ನೆಲ ನಡೆದುಕೊಂಡಿರುವುದಿಲ್ಲ. ಅಗೆಯುವಾಗ ಒಂದು ಬಂಡೆ ಅಡ್ಡ ಬಂತು, ಗುಂಡಿಯನ್ನು ಅರ್ಧ ಮೀಟರ್ ಪಕ್ಕಕ್ಕೆ ಸರಿಸಿದರು. ಮುಂದಿನದು ಅದರ ಪಕ್ಕಕ್ಕೆ ಬಂತು. ಸಾಲು ಮುಗಿಯುವ ಹೊತ್ತಿಗೆ ನಕ್ಷೆಯಲ್ಲಿ ಇಪ್ಪತ್ತು ಜಾಗ, ನೆಲದಲ್ಲಿ ಹತ್ತೊಂಬತ್ತು. ಹಾಗಾದರೆ ಇಪ್ಪತ್ತನೇ ನಂಬರಿನವರು ಎಲ್ಲಿ?

ಇದು ದುಡ್ಡಿಲ್ಲದ ಸಣ್ಣ ಸ್ಮಶಾನಗಳ ಪಾಡು ಅಂದುಕೊಳ್ಳಬೇಡಿ. ಅಮೆರಿಕದ ಆರ್ಲಿಂಗ್ಟನ್ ರಾಷ್ಟ್ರೀಯ ಸ್ಮಶಾನ ಸೈನಿಕರಿಗೆ ಮೀಸಲಾದ, ಜಗತ್ತಿನಲ್ಲೇ ಹೆಸರಾದ ಜಾಗ. 2010ರಲ್ಲಿ ಸೇನೆಯೇ ನಡೆಸಿದ ತನಿಖೆಯಲ್ಲಿ ಅಲ್ಲಿನ ಮೂರು ವಿಭಾಗಗಳಲ್ಲಿ 211 ಕಡೆ ನಕ್ಷೆಗೂ ನೆಲಕ್ಕೂ ತಾಳೆಯಾಗಲಿಲ್ಲ. ನಕ್ಷೆಯಲ್ಲಿ ಸಮಾಧಿ ಇದೆ, ನೆಲದಲ್ಲಿ ಕಲ್ಲಿಲ್ಲ. ಕಲ್ಲಿದೆ, ನಕ್ಷೆಯಲ್ಲಿ ಆ ಜಾಗ ಖಾಲಿ. ದಾಖಲೆಗಳು ಆಗಲೂ ಕಾಗದದ ಕಾರ್ಡುಗಳಲ್ಲೇ ಇದ್ದವು. ಅದೇ ವರ್ಷದ ಡಿಸೆಂಬರಿನಲ್ಲಿ ಕಾನೂನು ಮಾಡಿ, ಒಂದು ವರ್ಷದೊಳಗೆ ಪ್ರತಿ ಸಮಾಧಿಯ ಲೆಕ್ಕ ಕೊಡಿ ಅಂತ ಹೇಳಲಾಯಿತು.

ಅವರು ಮಾಡಿದ ಕೆಲಸ ತುಂಬಾ ಸರಳ, ಅಷ್ಟೇ ದೊಡ್ಡದು. 2011ರ ಬೇಸಿಗೆಯಲ್ಲಿ ಸೈನಿಕರು ಫೋನ್ ಹಿಡಿದು ಸಾಲು ಸಾಲಾಗಿ ನಡೆದು ಪ್ರತಿ ಕಲ್ಲಿನ ಫೋಟೊ ತೆಗೆದರು. ಆ ಫೋಟೊಗಳನ್ನು ಕಾರ್ಡು, ರಿಜಿಸ್ಟರುಗಳ ಜೊತೆ ಒಂದೊಂದಾಗಿ ಹೋಲಿಸಿದರು. ವರ್ಷದ ಕೊನೆಗೆ ಲೆಕ್ಕ ಬಂತು: ಸಮಾಧಿ, ಚಿತಾಭಸ್ಮ ಇಡುವ ಗೂಡು, ಸ್ಮಾರಕ ಎಲ್ಲ ಸೇರಿ 2,59,978. ಸುಮಾರು ಮುಕ್ಕಾಲು ಪಾಲು ತಾಳೆಯಾದವು. ಉಳಿದವನ್ನು ಮತ್ತೆ ಪರಿಶೀಲಿಸಬೇಕಾಯಿತು. ಇದರ ಮೇಲೆಯೇ 2012ರಲ್ಲಿ ಸಾರ್ವಜನಿಕರಿಗಾಗಿ ಎಎನ್‌ಸಿ ಎಕ್ಸ್‌ಪ್ಲೋರರ್ ಅನ್ನುವ ನಕ್ಷೆ ಬಂತು. ಹೆಸರು ಹಾಕಿದರೆ ಸಮಾಧಿಯ ಜಾಗ, ಕಲ್ಲಿನ ಫೋಟೊ, ಅಲ್ಲಿಗೆ ಹೋಗುವ ದಾರಿ ಎಲ್ಲ ಸಿಗುತ್ತದೆ. ಕ್ರಮ ಗಮನಿಸಿ. ಮೊದಲು ತಾಳೆ ನೋಡಿದರು, ಆಮೇಲೆ ಆ್ಯಪ್ ಕೊಟ್ಟರು. ಎಷ್ಟೋ ಯೋಜನೆಗಳು ಇದನ್ನು ತಿರುಗುಮುರುಗು ಮಾಡಿ ಕೆಡುತ್ತವೆ.

ಫೋನಿನ ಜಿಪಿಎಸ್ ಯಾಕೆ ಸಾಲುವುದಿಲ್ಲ

"ಫೋನ್ ಹಿಡಿದು ಸಮಾಧಿ ಪಕ್ಕ ನಿಂತು ಲೊಕೇಶನ್ ಸೇವ್ ಮಾಡಿದರೆ ಆಯ್ತಲ್ಲ?" ಅಂತ ಎಲ್ಲರೂ ಕೇಳುತ್ತಾರೆ. ಸಮಸ್ಯೆ ಇರುವುದು ಅಳತೆಯಲ್ಲಿ. ಒಂದು ಸಮಾಧಿಯ ಅಗಲ ಹೆಚ್ಚುಕಡಿಮೆ ಒಂದು ಮೀಟರ್, ಉದ್ದ ಎರಡು ಎರಡೂವರೆ ಮೀಟರ್. ಬಯಲಿನಲ್ಲಿ ನಿಂತರೂ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸಬಹುದು. 5 ಮೀಟರ್ ತ್ರಿಜ್ಯದ ಒಂದು ವೃತ್ತ ಎಳೆಯಿರಿ. ಅದರ ವಿಸ್ತೀರ್ಣ 78 ಚದರ ಮೀಟರ್. ಒಂದು ಸಮಾಧಿಗೆ 3 ಚದರ ಮೀಟರ್ ಅಂತ ಹಿಡಿದರೂ ಆ ವೃತ್ತದೊಳಗೆ ಇಪ್ಪತ್ತೈದು ಸಮಾಧಿ ಬರುತ್ತವೆ. ಅಂದರೆ ಫೋನು ನಿಮ್ಮನ್ನು ಸರಿಯಾದ ಸಾಲಿನ ಹತ್ತಿರಕ್ಕೆ ಕರೆದೊಯ್ಯುತ್ತದೆ, ಸರಿಯಾದ ಸಮಾಧಿಗೆ ಅಲ್ಲ. ಮರದ ಕೆಳಗೆ, ಎತ್ತರದ ಗೋಡೆಯ ಪಕ್ಕ ನಿಂತರೆ ಇನ್ನೂ ಜಾಸ್ತಿ ತಪ್ಪುತ್ತದೆ. ಹಳೆಯ ಸ್ಮಶಾನಗಳಲ್ಲಿ ಮರಗಳಿಗೆ ಕೊರತೆಯೇ?

ಇದಕ್ಕೆ ಆರ್‌ಟಿಕೆ ಅನ್ನುವ ವಿಧಾನವಿದೆ. ಜಾಗ ಮೊದಲೇ ಪಕ್ಕಾ ಗೊತ್ತಿರುವ ಒಂದು ಕಡೆ ಒಂದು ರಿಸೀವರ್ ನಿಲ್ಲಿಸುತ್ತಾರೆ. ಉಪಗ್ರಹದ ಸಂಕೇತದಲ್ಲಿ ಆ ಕ್ಷಣಕ್ಕೆ ಎಷ್ಟು ದೋಷ ಇದೆ ಅಂತ ಅದಕ್ಕೆ ತಿಳಿಯುತ್ತದೆ. ಆ ತಿದ್ದುಪಡಿಯನ್ನು ಅದು ಕೋಲಿಗೆ ಕಟ್ಟಿದ ಇನ್ನೊಂದು ರಿಸೀವರಿಗೆ ಕಳಿಸುತ್ತಾ ಇರುತ್ತದೆ. ಕೋಲು ಹಿಡಿದವರು ಸಮಾಧಿಯ ನಾಲ್ಕು ಮೂಲೆಗೆ ಊರುತ್ತಾ ಹೋದರೆ ಒಂದೆರಡು ಸೆಂಟಿಮೀಟರಿನೊಳಗೆ ಜಾಗ ಸಿಗುತ್ತದೆ. ದಟ್ಟ ಮರಗಳಿದ್ದ ಕಡೆ ಇದೂ ಕೈಕೊಡುತ್ತದೆ. ಅಲ್ಲಿ ಸರ್ವೆಯವರು ಕೋನ, ದೂರ ಅಳೆಯಲು ಬಳಸುವ ಟೋಟಲ್ ಸ್ಟೇಷನ್ ಅನ್ನುವ ಉಪಕರಣ ಬೇಕು. ಅದೂ ಇಲ್ಲದಿದ್ದರೆ ಟೇಪು. ಅಲುಗಾಡದ ಎರಡು ಗುರುತುಗಳಿಂದ, ಉದಾಹರಣೆಗೆ ಗೇಟಿನ ಕಂಬ ಮತ್ತು ಗೋಡೆಯ ಮೂಲೆಯಿಂದ, ಟೇಪಿನಲ್ಲಿ ಅಳೆದು ಬರೆದಿಟ್ಟ ಅಳತೆ ಫೋನಿನ ಜಿಪಿಎಸ್‌ಗಿಂತ ಎಷ್ಟೋ ಮೇಲು. ಟೇಪು ಅಂದರೆ ಯಾರೂ ಮೂಗು ಮುರಿಯಬೇಕಿಲ್ಲ.

ಅಳತೆಯ ವಿಷಯದಲ್ಲೇ ಇನ್ನೊಂದು ಮಾತು, ಇದನ್ನು ತುಂಬಾ ಜನ ಮರೆಯುತ್ತಾರೆ. ಭೂಮಿಯ ಮೇಲಿನ ಯಾವ ಜಾಗಕ್ಕೂ ಅಂಕಿ ಕೊಡುವಾಗ ಹಿಂದೆ ಒಂದು ಚೌಕಟ್ಟು ಇರುತ್ತದೆ. ಅದಕ್ಕೆ ಡೇಟಮ್ ಅನ್ನುತ್ತಾರೆ. ಆಸ್ಟ್ರೇಲಿಯಾ ಖಂಡ ವರ್ಷಕ್ಕೆ ಸುಮಾರು 7 ಸೆಂಟಿಮೀಟರ್ ಈಶಾನ್ಯಕ್ಕೆ ಜರುಗುತ್ತಿದೆ. ಹಾಗಾಗಿ ಆ ದೇಶ 1994ರ ಚೌಕಟ್ಟನ್ನು ಬಿಟ್ಟು 2020ರದ್ದಕ್ಕೆ ಬಂದಾಗ ನಕ್ಷೆಯ ಅಂಕಿಗಳು ಸುಮಾರು 1.8 ಮೀಟರ್ ಬದಲಾದವು. ರಸ್ತೆಯ ನಕ್ಷೆಗೆ ಇದು ಲೆಕ್ಕಕ್ಕಿಲ್ಲ. ಸ್ಮಶಾನದಲ್ಲಿ 1.8 ಮೀಟರ್ ಅಂದರೆ ಪಕ್ಕದ ಸಮಾಧಿಯೇ ಬಂದುಬಿಡುತ್ತದೆ! ಯಾವ ಚೌಕಟ್ಟಿನಲ್ಲಿ, ಯಾವ ತಾರೀಖಿಗೆ, ಯಾವ ಉಪಕರಣದಿಂದ ಅಳೆದದ್ದು ಅನ್ನುವುದನ್ನು ಅಂಕಿಯ ಪಕ್ಕದಲ್ಲೇ ಬರೆದಿಡಬೇಕು. ಇದು ಸುಮ್ನೆ ಶಿಷ್ಟಾಚಾರಕ್ಕಲ್ಲ.

ಡ್ರೋನ್ ಬಗ್ಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಅದು ಮೇಲಿಂದ ಒಂದರ ಮೇಲೊಂದು ಅರ್ಧಕ್ಕಿಂತ ಹೆಚ್ಚು ಬೀಳುವ ಹಾಗೆ ನೂರಾರು ಫೋಟೊ ತೆಗೆಯುತ್ತದೆ. ಸಾಫ್ಟ್‌ವೇರ್ ಅವನ್ನೆಲ್ಲ ಹೊಲಿದು, ಓರೆಕೋರೆ ತೆಗೆದು, ಅಳತೆ ಮಾಡಲು ಬರುವ ಒಂದೇ ಚಿತ್ರ ಮಾಡುತ್ತದೆ. ನೆಲದ ಮೇಲೆ ಮೊದಲೇ ಆರ್‌ಟಿಕೆಯಿಂದ ಅಳೆದ ಕೆಲವು ಗುರುತುಗಳಿದ್ದರೆ ಆ ಚಿತ್ರ ಸರಿಯಾದ ಜಾಗದಲ್ಲಿ ಕೂರುತ್ತದೆ. ಬಯಲು ಸ್ಮಶಾನಕ್ಕೆ ಇದರಷ್ಟು ಬೇಗ ಆಗುವ ಕೆಲಸ ಬೇರೆ ಇಲ್ಲ. ಮರದ ಕೆಳಗಿನದ್ದು ಮಾತ್ರ ಅದಕ್ಕೆ ಕಾಣುವುದಿಲ್ಲ. ಶವಸಂಸ್ಕಾರ ನಡೆಯುವಾಗ ಅದನ್ನು ಹಾರಿಸಬಾರದು ಅನ್ನುವುದನ್ನು ಬೇರೆ ಹೇಳಬೇಕಿಲ್ಲ ಅಲ್ವಾ?

ಜಾಗ ಬೇರೆ, ವ್ಯಕ್ತಿ ಬೇರೆ, ಕಲ್ಲು ಬೇರೆ

ಅಳತೆ ಸಿಕ್ಕ ಮೇಲೆ ಅದು ನಕ್ಷೆಯನ್ನೂ ಅದರ ಮಾಹಿತಿಯನ್ನೂ ಒಟ್ಟಿಗೆ ಇಡುವ ಜಿಐಎಸ್ ಅನ್ನುವ ಬಗೆಯ ಸಾಫ್ಟ್‌ವೇರಿಗೆ ಹೋಗುತ್ತದೆ. ಕ್ಯೂಜಿಐಎಸ್ ಇದರಲ್ಲಿ ಉಚಿತವಾಗಿ ಸಿಗುವಂಥದ್ದು, 2002ರಿಂದ ಬೆಳೆಯುತ್ತಾ ಬಂದಿದೆ. ಪಾರದರ್ಶಕ ಹಾಳೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ ಇಲ್ಲಿ ಪದರಗಳಿರುತ್ತವೆ. ಡ್ರೋನ್ ಚಿತ್ರ ಒಂದು, ದಾರಿ ಮತ್ತು ಗೋಡೆ ಒಂದು, ಮರಗಳು ಒಂದು, ನೀರಿನ ಪೈಪು ಒಂದು, ಸಮಾಧಿಯ ಚೌಕಗಳು ಒಂದು. ಚೌಕದ ಮೇಲೆ ಒತ್ತಿದರೆ ಅದರ ವಿವರ ತೆರೆಯುತ್ತದೆ. ನೋಡಲು ಚೆನ್ನಾಗಿರುತ್ತದೆ. ಆದರೆ ಎಲ್ಲ ನಿಂತಿರುವುದು ಆ ವಿವರದ ಪಟ್ಟಿಯನ್ನು ಹೇಗೆ ಕಟ್ಟಿದ್ದೀರಿ ಅನ್ನುವುದರ ಮೇಲೆ.

ಮೊದಲು ಎಲ್ಲರೂ ಎಕ್ಸೆಲ್‌ನಲ್ಲಿ ಒಂದೇ ಪಟ್ಟಿ ಮಾಡುತ್ತಾರೆ. ಒಂದು ಸಾಲು ಅಂದರೆ ಒಂದು ಸಮಾಧಿ: ನಂಬರ್, ಹೆಸರು, ತಾರೀಖು. ಮೂರನೇ ದಿನಕ್ಕೇ ಅದು ಒಡೆಯುತ್ತದೆ. ಒಂದೇ ಜಾಗದಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಹೂಳಿದ್ದರೆ ಹೆಸರು ಎಲ್ಲಿ ಹಾಕುವುದು? ಒಬ್ಬರ ಅವಶೇಷವನ್ನು ಬೇರೆ ಕಡೆಗೆ ಸಾಗಿಸಿದ್ದರೆ? ಕಲ್ಲಿನ ಮೇಲೆ ಮೂರು ಹೆಸರಿದ್ದು, ಮೂರನೆಯವರು ಬೇರೆ ದೇಶದಲ್ಲಿ ಸತ್ತು ಅಲ್ಲೇ ಮಣ್ಣಾಗಿದ್ದರೆ?

ಹಾಗಾಗಿ ಬೇರೆ ಬೇರೆ ಪಟ್ಟಿ ಬೇಕು. ಜಾಗಕ್ಕೊಂದು, ವ್ಯಕ್ತಿಗೊಂದು, ಕಲ್ಲಿಗೊಂದು, ಹಕ್ಕುದಾರರಿಗೊಂದು. ಇವನ್ನು ಜೋಡಿಸುವುದು "ಘಟನೆ" ಅನ್ನುವ ಇನ್ನೊಂದು ಪಟ್ಟಿ: ಇಂಥ ವ್ಯಕ್ತಿಯನ್ನು ಇಂಥ ಜಾಗದಲ್ಲಿ ಇಂಥ ದಿನ ಇಷ್ಟು ಆಳದಲ್ಲಿ ಹೂಳಲಾಯಿತು, ಅಥವಾ ಅಲ್ಲಿಂದ ತೆಗೆಯಲಾಯಿತು. ಸಿಂಗಪುರದ ಬುಕಿಟ್ ಬ್ರೌನ್ ಸ್ಮಶಾನದ ನಡುವೆ ರಸ್ತೆ ಹಾಕಲು 2011ರಲ್ಲಿ ತೀರ್ಮಾನವಾದಾಗ ಮೂರೂವರೆ ಸಾವಿರಕ್ಕೂ ಹೆಚ್ಚು ಸಮಾಧಿಗಳನ್ನು ತೆರವು ಮಾಡಬೇಕಾಗಿ ಬಂತು. ಅದಕ್ಕೂ ಮೊದಲು ಒಂದು ತಂಡ ಸಮಾಧಿಗಳ ಜಾಗ, ಫೋಟೊ, ಬರಹ ಎಲ್ಲವನ್ನೂ ದಾಖಲಿಸಿತು. ನೆಲದ ಮೇಲಿನ ಗುರುತು ಹೋದ ಮೇಲೂ "ಇವರು ಇಲ್ಲಿದ್ದರು" ಅನ್ನುವುದು ಉಳಿಯುವುದು ಇಂಥ ದಾಖಲೆಯಿಂದ.

ಪ್ರತಿ ಜಾಗಕ್ಕೂ, ಪ್ರತಿ ವ್ಯಕ್ತಿಗೂ ಎಂದೂ ಬದಲಾಗದ ಒಂದು ಗುರುತಿನ ಸಂಖ್ಯೆ ಇರಬೇಕು. ಹೆಸರನ್ನೇ ಗುರುತಾಗಿ ಬಳಸಿದರೆ ಕೆಟ್ಟಿತು. ಒಂದೇ ಹೆಸರಿನವರು ಹತ್ತು ಜನ ಇರುತ್ತಾರೆ. ಒಬ್ಬರ ಹೆಸರನ್ನೇ ಮೂರು ಕಡೆ ಮೂರು ಥರ ಬರೆದಿರುತ್ತಾರೆ. ಉಚ್ಚಾರಣೆ ಹತ್ತಿರವಿರುವ ಹೆಸರುಗಳನ್ನು ಹುಡುಕಿ ಕೊಡುವ ಸೌಂಡೆಕ್ಸ್ ಥರದ ವಿಧಾನಗಳು ನೂರು ವರ್ಷದಿಂದ ಇವೆ. ಅವು ಕೊಡುವುದು ಸುಳಿವು ಅಷ್ಟೇ. ಇಬ್ಬರೂ ಒಬ್ಬರೇ ಅಂತ ತೀರ್ಮಾನಿಸಲು ಮನುಷ್ಯರೇ ಬೇಕು.

ಅನುಮಾನಕ್ಕೂ ಒಂದು ಕಾಲಂ

ನನ್ನ ಮಟ್ಟಿಗೆ ಇಡೀ ಕೆಲಸದ ತಿರುಳು ಇದು. ಒಂದು ಜಾಗವನ್ನು ಹತ್ತಿರದಿಂದ ನೋಡೋಣ: ಸಿ ಬ್ಲಾಕ್, 7ನೇ ಸಾಲು, 14ನೇ ಜಾಗ. ರಿಜಿಸ್ಟರಿನಲ್ಲಿ 1952ರಲ್ಲಿ ಇಲ್ಲಿ ಒಂದು ಮಗುವನ್ನು ಹೂಳಿದ್ದಾರೆ ಅಂತಿದೆ. ಹಕ್ಕಿನ ಪುಸ್ತಕದಲ್ಲಿ ಈ ಜಾಗ ಯಾರಿಗೂ ಹೋಗಿಲ್ಲ. ನೆಲದಲ್ಲಿ ಕಲ್ಲಿಲ್ಲ, ಹುಲ್ಲು ಮಾತ್ರ ಇದೆ. 15ನೇ ಜಾಗದಲ್ಲಿ ಒಂದು ಪುಟ್ಟ ಕಲ್ಲಿದೆ, ಅದರ ಮೇಲೆ ಅಕ್ಷರ ಉಳಿದಿಲ್ಲ. ಪುಟ್ಟ ಕಲ್ಲು ಆ ಮಗುವಿನದ್ದೇ ಇರಬಹುದು, ಬರೆದವರು ನಂಬರ್ ತಪ್ಪಿರಬಹುದು. ಅಥವಾ 14ರಲ್ಲಿ ನಿಜಕ್ಕೂ ಮಗು ಇದ್ದು, 15 ಬೇರೆಯವರದ್ದಿರಬಹುದು.

ಆತುರದಲ್ಲಿ ಡೇಟಾ ತುಂಬುವವರು 14ನ್ನು "ಖಾಲಿ" ಅಂತ ಹಾಕಿ ಮುಂದೆ ಹೋಗುತ್ತಾರೆ. ಯಾಕೆಂದರೆ ಫಾರ್ಮಿನಲ್ಲಿ ಖಾಲಿ, ಭರ್ತಿ, ಕಾಯ್ದಿರಿಸಿದ್ದು ಅಂತ ಮೂರೇ ಆಯ್ಕೆ. ಹತ್ತು ವರ್ಷದ ನಂತರ ಯಾರೋ ಪರದೆ ನೋಡಿ, ಹಸಿರು ಬಣ್ಣದ ಆ ಚೌಕವನ್ನು ಬೇರೆ ಕುಟುಂಬಕ್ಕೆ ಕೊಡುತ್ತಾರೆ. ಕಾಗದದ ಮೇಲಿದ್ದ ಗೊಂದಲ ಕಂಪ್ಯೂಟರಿಗೆ ಬಂದು ಖಾತ್ರಿಯ ವೇಷ ಹಾಕಿಕೊಂಡಿತು. ಕಲ್ಲಿಲ್ಲ ಅಂದರೆ ಸಮಾಧಿಯಿಲ್ಲ ಅಂತಲ್ಲ. ಕಲ್ಲು ಹಾಕಿಸಲು ಆಗದವರೇ ಎಷ್ಟೋ ಕಡೆ ಹೆಚ್ಚು. ಬಡವರ, ಮಕ್ಕಳ, ಗುರುತು ಸಿಗದವರ ಸಮಾಧಿಗಳು ಮೊದಲು ಅಳಿಸಿಹೋಗುವುದು ಹೀಗೆಯೇ.

ಅದಕ್ಕೆ "ಗೊತ್ತಿಲ್ಲ, ಅಗೆಯಬೇಡಿ" ಅನ್ನುವ ನಾಲ್ಕನೇ ಆಯ್ಕೆ ಇರಲೇಬೇಕು. ಪ್ರತಿ ಮಾಹಿತಿಯ ಪಕ್ಕ ಅದು ಎಲ್ಲಿಂದ ಬಂತು ಅಂತಲೂ ಇರಬೇಕು: ರಿಜಿಸ್ಟರಿನ ಯಾವ ಪುಟ, ಯಾವ ಫೋಟೊ, ಯಾರು ಹೇಳಿದ್ದು, ಯಾರು ಯಾವತ್ತು ತುಂಬಿದ್ದು. ತಿದ್ದಿದರೆ ಹಳೆಯದು ಅಳಿಯಬಾರದು, ಕೆಳಗೆ ಉಳಿಯಬೇಕು. ರಿಜಿಸ್ಟರಿನ ಪುಟವನ್ನು ಸ್ಕ್ಯಾನ್ ಮಾಡಿ ಆ ದಾಖಲೆಗೇ ಅಂಟಿಸಿದರೆ ಇನ್ನೂ ಒಳ್ಳೆಯದು. ಬರೆದದ್ದನ್ನು ಅದರಲ್ಲಿದ್ದ ಹಾಗೇ ಒಂದು ಕಾಲಂನಲ್ಲಿ ಇಡಿ, ನೀವು ಅರ್ಥಮಾಡಿಕೊಂಡದ್ದನ್ನು ಪಕ್ಕದ ಕಾಲಂನಲ್ಲಿ ಇಡಿ.

ಮಣ್ಣಿನೊಳಗೆ ನೋಡುವುದು

14ನೇ ಜಾಗದ ಥರದ ಪ್ರಶ್ನೆಗೆ ಅಗೆಯದೆ ಉತ್ತರ ಹುಡುಕಲು ಜಿಪಿಆರ್ ಅನ್ನುವ ನೆಲದ ರೇಡಾರ್ ಬಳಸುತ್ತಾರೆ. ಚಕ್ರದ ಗಾಡಿಯ ಮೇಲೆ ಕೂರಿಸಿದ ಆಂಟೆನಾ ನೆಲಕ್ಕೆ ರೇಡಿಯೊ ಅಲೆ ಬಿಡುತ್ತದೆ. ಮಣ್ಣಿನ ಗುಣ ಬದಲಾದ ಕಡೆ ಅಲೆಯ ಒಂದು ಪಾಲು ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದರ ಮೇಲೆ ಆಳ ಅಂದಾಜಾಗುತ್ತದೆ. ಅರ್ಧ ಮೀಟರ್ ಅಥವಾ ಇನ್ನೂ ಕಡಿಮೆ ಅಂತರದಲ್ಲಿ ಸಮಾನಾಂತರ ಗೆರೆಗಳಲ್ಲಿ ಗಾಡಿ ತಳ್ಳುತ್ತಾ ಹೋಗುತ್ತಾರೆ. ಪರದೆಯ ಮೇಲೆ ಪೆಟ್ಟಿಗೆಯೋ ಟೊಳ್ಳೋ ಇದ್ದಲ್ಲಿ ಕಮಾನಿನ ಆಕಾರ ಮೂಡುತ್ತದೆ. ಒಂದೇ ಗೆರೆಯಲ್ಲಿ ಕಂಡರೆ ಅದು ಕಲ್ಲೋ ಬೇರೋ ಇರಬಹುದು. ಅಕ್ಕಪಕ್ಕದ ಮೂರು ನಾಲ್ಕು ಗೆರೆಗಳಲ್ಲಿ ಒಂದೇ ಆಳದಲ್ಲಿ, ಎರಡು ಮೀಟರ್ ಉದ್ದಕ್ಕೆ, ಉಳಿದ ಸಾಲುಗಳ ದಿಕ್ಕಿನಲ್ಲೇ ಕಂಡರೆ ಸಮಾಧಿ ಅನ್ನಬಹುದು. ಮಗುವಿನದಾದರೆ ಇನ್ನೂ ಚಿಕ್ಕದು, ತಪ್ಪಿಹೋಗುವ ಸಾಧ್ಯತೆ ಜಾಸ್ತಿ.

ರೇಡಾರಿಗೆ ಮೂಳೆ ಕಾಣುತ್ತದೆ ಅನ್ನುವುದು ತಪ್ಪು ಕಲ್ಪನೆ. ಅದು ಸಾಮಾನ್ಯವಾಗಿ ಹಿಡಿಯುವುದು ಒಮ್ಮೆ ಅಗೆದು ಮುಚ್ಚಿದ ಮಣ್ಣನ್ನು, ಪೆಟ್ಟಿಗೆಯನ್ನು, ಟೊಳ್ಳನ್ನು. ಒದ್ದೆ ಜೇಡಿಮಣ್ಣಿನಲ್ಲಿ ಅಲೆ ಬೇಗ ಅಡಗಿಹೋಗುತ್ತದೆ. ಅಂಥ ಕಡೆ "ಏನೂ ಕಾಣಲಿಲ್ಲ" ಅನ್ನುವುದು "ಏನೂ ಇಲ್ಲ" ಅನ್ನುವುದಕ್ಕೆ ಸಾಕ್ಷಿಯಲ್ಲ.

ಆದರೂ ಈ ಉಪಕರಣ ಎಂಥ ಕೆಲಸ ಮಾಡಬಲ್ಲದು ಅನ್ನುವುದಕ್ಕೆ ಅಮೆರಿಕದ ಟ್ಯಾಂಪಾ ನಗರದ ಜಿಯಾನ್ ಸ್ಮಶಾನ ನೋಡಿ. 1901ರಲ್ಲಿ ಕಪ್ಪು ಜನರಿಗಾಗಿ ಆದ ಸ್ಮಶಾನ ಅದು. ಕಾಲ ಕಳೆದಂತೆ ಅದರ ಮೇಲೆ ಕಟ್ಟಡಗಳು ಎದ್ದವು, ನಕ್ಷೆಯಿಂದಲೇ ಹೆಸರು ಹೋಯಿತು. 2019ರಲ್ಲಿ ಸ್ಥಳೀಯ ಪತ್ರಿಕೆಯೊಂದು ಹಳೆಯ ದಾಖಲೆಗಳನ್ನು ಕೆದಕಿ, ಅಲ್ಲಿದ್ದ ಸಮಾಧಿಗಳು ಎಲ್ಲಿ ಹೋದವು ಅಂತ ಕೇಳಿತು. ನೆಲದ ರೇಡಾರ್ ತಂದು ನೋಡಿದಾಗ ಜನ ವಾಸವಿದ್ದ ಮನೆಗಳ ಆವರಣದಲ್ಲಿ 120ಕ್ಕೂ ಹೆಚ್ಚು ಶವಪೆಟ್ಟಿಗೆಗಳ ಗುರುತು ಸಿಕ್ಕವು. ಹಳೆಯ ಕಾಗದ ಮೊದಲು ಪ್ರಶ್ನೆ ಎತ್ತಿತು, ಉಪಕರಣ ಆಮೇಲೆ ಬಂತು. ಕಾಗದ ಇಲ್ಲದಿದ್ದರೆ ಅಲ್ಲಿಗೆ ಗಾಡಿ ತಳ್ಳಿಕೊಂಡು ಹೋಗುವ ಯೋಚನೆ ಯಾರಿಗೆ ಬರುತ್ತಿತ್ತು?

ಕಲ್ಲಿನ ಮೇಲಿನ ಸವೆದ ಅಕ್ಷರ ಓದಲು ಇಷ್ಟೆಲ್ಲ ಬೇಡ. ಬೆಳಕು ಓರೆಯಾಗಿ ಬೀಳುವ ಹಾಗೆ ಟಾರ್ಚನ್ನೋ ಕನ್ನಡಿಯನ್ನೋ ಹಿಡಿದು ಫೋಟೊ ತೆಗೆದರೆ ಬರಿಗಣ್ಣಿಗೆ ಕಾಣದ ಅಕ್ಷರಗಳು ಎದ್ದು ಬರುತ್ತವೆ. ಸುಣ್ಣದ ಕಡ್ಡಿ ಉಜ್ಜುವುದು, ಶೇವಿಂಗ್ ಕ್ರೀಮ್ ಹಚ್ಚುವುದು, ತಂತಿಯ ಬ್ರಷ್ಷಿನಲ್ಲಿ ತಿಕ್ಕುವುದು ಖಂಡಿತ ಬೇಡ. ಕಲ್ಲು ಹಾಳಾಗುತ್ತದೆ.

ಯಾರಿಗೆ ಏನು ಕಾಣಬೇಕು

ನಕ್ಷೆ ತಯಾರಾದ ಮೇಲೆ ಅದನ್ನು ಸಾರ್ವಜನಿಕರಿಗೆ ಕೊಡುವುದು ಒಳ್ಳೆಯದೇ. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ ಶುರುವಾದ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎರಡು ಮಹಾಯುದ್ಧಗಳಲ್ಲಿ ಸತ್ತ 17 ಲಕ್ಷ ಜನರ ಹೆಸರು ಕಾಪಾಡುತ್ತಿದೆ. 1998ರಲ್ಲಿ ಅದು ತನ್ನ ದಾಖಲೆಗಳನ್ನು ಇಂಟರ್‌ನೆಟ್ಟಿಗೆ ಹಾಕಿದ ಮೇಲೆ, ಸಮಾಧಿಯ ಹತ್ತಿರ ಹೋಗಲಾರದವರೂ ಮನೆಯಲ್ಲೇ ಕೂತು ತಮ್ಮವರ ಹೆಸರು ಹುಡುಕುವಂತಾಯಿತು. ಫೈಂಡ್ ಎ ಗ್ರೇವ್, ಬಿಲಿಯನ್‌ಗ್ರೇವ್ಸ್ ಥರದ ತಾಣಗಳಲ್ಲಿ ಸ್ವಯಂಸೇವಕರು ಸೇರಿಸಿದ ಕೋಟಿಗಟ್ಟಲೆ ದಾಖಲೆಗಳಿವೆ. ಅವು ಹುಡುಕಾಟಕ್ಕೆ ತುಂಬಾ ಸಹಾಯ. ಆದರೆ ಅವು ಹೆಚ್ಚಾಗಿ ಹೇಳುವುದು ಕಲ್ಲಿನ ಕಥೆ, ಕೆಳಗೆ ಯಾರಿದ್ದಾರೆ ಅನ್ನುವುದನ್ನಲ್ಲ. ಅವನ್ನು ನೋಡಿ ಅಗೆಯುವ ತೀರ್ಮಾನ ಮಾಡಬಾರದು.

ಹಾಗಂತ ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕಿಲ್ಲ. ಯೂರೋಪಿನ ಖಾಸಗಿ ಮಾಹಿತಿ ಕಾನೂನು ಜಿಡಿಪಿಆರ್ ತೀರಿಕೊಂಡವರಿಗೆ ಅನ್ವಯಿಸುವುದಿಲ್ಲ. ಆದರೆ ಸ್ಮಶಾನದ ಪುಸ್ತಕದಲ್ಲಿ ಬದುಕಿರುವವರೂ ಇರುತ್ತಾರೆ. ಜಾಗದ ಹಕ್ಕುದಾರರ ವಿಳಾಸ, ಫೋನ್ ನಂಬರ್, ಬಾಕಿ ಹಣ ಎಲ್ಲ ಅದರಲ್ಲೇ ಇರುತ್ತದೆ. ಸಾವಿನ ಕಾರಣ ಬರೆದಿದ್ದರೆ ಅದು ಮನೆಯವರನ್ನು ನೋಯಿಸಬಹುದು. ಕಚೇರಿಗೊಂದು ಪದರ, ಹೊರಗಿನವರಿಗೊಂದು ಪದರ ಅಂತ ಮೊದಲ ದಿನವೇ ಬೇರೆ ಮಾಡಿ.

ಕೆಲವು ದೇಶಗಳಲ್ಲಿ ಜಾಗ ಶಾಶ್ವತವಲ್ಲ. ಸಿಂಗಪುರದಲ್ಲಿ 1998ರಿಂದ ಹೂಳುವ ಅವಧಿ 15 ವರ್ಷ. ಇಂಥ ಕಡೆ ಯಾವ ಜಾಗದ ಅವಧಿ ಯಾವಾಗ ಮುಗಿಯುತ್ತದೆ ಅನ್ನುವ ಪಟ್ಟಿಯನ್ನು ಕಂಪ್ಯೂಟರ್ ಕ್ಷಣದಲ್ಲಿ ಕೊಡುತ್ತದೆ. ಪಟ್ಟಿ ಕೊಡುವುದು ಅದರ ಕೆಲಸ. ಕುಟುಂಬದವರನ್ನು ಹುಡುಕಿ, ಮಾತಾಡಿ, ಸಮಯ ಕೊಡುವುದನ್ನು ಮೆಸೇಜಿಗೆ ಬಿಟ್ಟು ಕೈತೊಳೆದುಕೊಳ್ಳಬಾರದು.

ಇನ್ನು ಕೊನೆಯದಾಗಿ ಫೈಲುಗಳ ವಿಷಯ. ಸಾಫ್ಟ್‌ವೇರ್ ಕಂಪನಿ ಇಂದು ಇರುತ್ತದೆ, ನಾಳೆ ಮುಚ್ಚುತ್ತದೆ. ಸ್ಮಶಾನ ನೂರು ವರ್ಷ ಇರುತ್ತದೆ. ಯಾವ ಸಾಫ್ಟ್‌ವೇರ್ ಕೊಂಡರೂ ಮೊದಲು ಕೇಳಬೇಕಾದದ್ದು, ನಮ್ಮ ಎಲ್ಲ ಡೇಟಾವನ್ನು ಯಾವಾಗ ಬೇಕಾದರೂ ಹೊರಗೆ ತೆಗೆಯಲು ಬರುತ್ತದಾ ಅಂತ. ಪಟ್ಟಿಗಳಿಗೆ ಸಿಎಸ್‌ವಿ, ನಕ್ಷೆಗೆ ಜಿಯೊಪ್ಯಾಕೇಜ್ ಅನ್ನುವ ಬಗೆಯ ಫೈಲು ಸಾಕು. ಎರಡನ್ನೂ ಯಾರು ಬೇಕಾದರೂ ತೆರೆಯಬಹುದು. ಶೇಪ್‌ಫೈಲ್ ಅನ್ನುವ ಹಳೆಯ ಬಗೆಯ ನಕ್ಷೆ ಫೈಲಿನಲ್ಲಿ ಕಾಲಂ ಹೆಸರು ಹತ್ತು ಅಕ್ಷರಕ್ಕೆ ಕತ್ತರಿಸಿಹೋಗುತ್ತದೆ, ಆಮೇಲೆ ಯಾವುದು ಏನು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ದುಡ್ಡು ಕಡಿಮೆ ಇದ್ದರೆ ಡ್ರೋನು, ರೇಡಾರು ಎಲ್ಲ ಆಮೇಲೆ. ಮೊದಲು ರಿಜಿಸ್ಟರಿನ ಪ್ರತಿ ಪುಟದ ಫೋಟೊ ತೆಗೆದು ಎರಡು ಬೇರೆ ಕಡೆ ಇಡಿ. ಹಳೆಯ ಕೆಲಸಗಾರರ ಜೊತೆ ಸಾಲು ಸಾಲಾಗಿ ನಡೆದು ಅವರು ಹೇಳಿದ್ದನ್ನು ರೆಕಾರ್ಡ್ ಮಾಡಿಕೊಳ್ಳಿ, ಇದನ್ನು ಮುಂದಕ್ಕೆ ಹಾಕಲು ಬರುವುದಿಲ್ಲ. ಆಮೇಲೆ ಒಂದೇ ಒಂದು ಬ್ಲಾಕ್ ತೆಗೆದುಕೊಂಡು ಅಳತೆ, ಫೋಟೊ, ತಾಳೆ ನೋಡುವುದು ಎಲ್ಲ ಪೂರ್ತಿ ಮುಗಿಸಿ. ಅದರಲ್ಲಿ ಎದುರಾದ ತೊಡಕುಗಳನ್ನು ನೋಡಿಕೊಂಡು ಉಳಿದ ಬ್ಲಾಕುಗಳ ಫಾರ್ಮು ಮಾಡಿಕೊಳ್ಳಿ. ಹೊಸದಾಗಿ ಹೂಳಿದ ಪ್ರತಿ ಸಲವೂ, ಗುಂಡಿ ಮುಚ್ಚಿದ ದಿನವೇ, ಅಗೆದವರ ಮುಂದೆಯೇ ದಾಖಲೆ ತುಂಬುವುದು ಯಾರ ಜವಾಬ್ದಾರಿ ಅಂತ ಹೆಸರು ಹಿಡಿದು ಗೊತ್ತುಮಾಡಿ.